ಗೆರೆ ದಾಟಿದ ಬಿಲ್ಲೆ

ಆಗಿದ್ದು ಇಷ್ಟೇ: ಕಳೆದ ವರ್ಷ ಕಲ್ಮೇಶ ಸೀನಿದ.

ಸೀನುವುದು ಅಪರಾಧವಲ್ಲ. ಅದರಲ್ಲೂ ಸಿಯಾಟಲ್ ಹತ್ತಿರದ ಕೆಂಟ್‌ನ ಆ ಐಸ್ ಹಾಕಿ ಅಂಗಳದ ಚಳಿಯಲ್ಲಿ ಸೀನದೆ ಇರುವವನೇ ವಿಶೇಷ. ಆದರೆ ಆಗ ಕಲ್ಮೇಶ ಗೋಲ್ ಜಡ್ಜ್ ಆಗಿದ್ದ. ಗೋಲಿನ ಹಿಂದೆ ಗಾಜಿನಾಚೆ ನಿಂತು, ಕಪ್ಪು ರಬ್ಬರಿನ ಬಿಲ್ಲೆ ಗೆರೆ ದಾಟಿತೋ ಇಲ್ಲವೋ ಎಂದು ನೋಡಿ ಹೇಳುವುದೊಂದೇ ಅವನ ಕೆಲಸ. ಹೆಂಡತಿ ಕವನಾ ಹೊಡೆದ ಬಿಲ್ಲೆ ಗೆರೆಯ ಹತ್ತಿರ ಬರುವುದಕ್ಕೂ ಇವನಿಗೆ ಸೀನು ಬರುವುದಕ್ಕೂ ಸರಿಹೋಯಿತು. ಕಣ್ಣು ಬಿಟ್ಟಾಗ ಬಿಲ್ಲೆ ಗೋಲ್‌ಕೀಪರ್ ಶಶಿಕಾಂತನ ಹೊಟ್ಟೆಯ ಕೆಳಗೆ ಸೇರಿತ್ತು. ತಾನು ನೋಡಲಿಲ್ಲ ಎಂದು ಕಲ್ಮೇಶ ಇದ್ದ ಸತ್ಯವನ್ನೇ ಹೇಳಿದ. ಸತ್ಯ ಹೇಳಿದವರಿಗೆ ಆಗುವುದೆಲ್ಲ ಅವನಿಗೂ ಆಯಿತು.

ಸಿಯಾಟಲ್‌ಗೆ ದೊಡ್ಡ ಹಾಕಿ ತಂಡ ಬಂದ ಮೇಲೆ ಅಲ್ಲಿಯ ಕನ್ನಡದವರಿಗೂ ಆ ಹುಚ್ಚು ಹಿಡಿದಿತ್ತು. ಸವದತ್ತಿ, ಬೈಲಹೊಂಗಲದ ಕಡೆಯವರು ಮಲಪ್ರಭಾ ತಂಡ ಕಟ್ಟಿದರು. ಮದ್ದೂರು, ತುಮಕೂರಿನ ಕಡೆಯವರು ಶಿಂಷಾ ತಂಡ ಕಟ್ಟಿದರು. ಮಂಜುಗಡ್ಡೆಯ ಮೇಲೆ ನೆಟ್ಟಗೆ ನಿಲ್ಲಬಲ್ಲವರು ಎರಡೂ ಕಡೆ ಕಡಿಮೆ, ಜಗಳಕ್ಕೆ ನಿಲ್ಲಬಲ್ಲವರು ಬೇಕಾದಷ್ಟು. ಮಲಪ್ರಭಾದ ಯಜಮಾನಿಕೆ ಕಲ್ಮೇಶನ ಕಾಕಾ ಗದಿಗೆಪ್ಪನವರದು, ಶಿಂಷಾದ ಯಜಮಾನಿಕೆ ಅವನ ಮಾವ, ಅಂದರೆ ಕವನಾಳ ಅಪ್ಪ ಗುರುಪ್ರಸಾದರದು. ಕವನಾ ಆಡುವುದೂ ಅಪ್ಪನ ತಂಡಕ್ಕೇ. ಕಲ್ಮೇಶ ಯಾವ ತಂಡಕ್ಕೂ ಸೇರದೆ ಗೋಲ್ ಜಡ್ಜ್ ಆಗಿ ಪಾರಾಗಲು ನೋಡಿದ್ದ. ಪಾಪ, ಎರಡು ದೋಣಿಯ ನಡುವೆ ನೀರಿದೆ ಎನ್ನುವುದು ಅವನಿಗೆ ಹೊಳೆದಿರಲಿಲ್ಲ.

ಕವನಾಗೆ ಅದು ಜೀವನದ ಮೊದಲ ಗೋಲಾಗಬೇಕಿತ್ತು. ಫ್ರೀಮಾಂಟ್‌ನ ಆಫೀಸಿನಲ್ಲಿ ವಾರವೆಲ್ಲ ಕೋಡ್ ಬರೆದು, ಶನಿವಾರ ಪುಟ್ಟ ಮಕ್ಕಳ ಜೊತೆ ಸ್ಕೇಟಿಂಗ್ ಕ್ಲಾಸಿನಲ್ಲಿ ಬಿದ್ದು ಎದ್ದು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕಲಿತ ಆಟ. ಗೋಲು ಹೋಯಿತು, ಪಂದ್ಯವೂ ಹೋಯಿತು. ಅಂದಿನಿಂದ ಕಲ್ಮೇಶ ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಕೇಳಿದರೂ, ಅವನಿಗೆ ಯಾವುದು ತಾನೇ ಕಂಡೀತು ಎಂಬ ಉತ್ತರ ಬರುತ್ತಿತ್ತು.

ಹೆಂಡತಿಯ ಗೋಲಿಗೆ ಯಾರೂ ಅಲ್ಲಗಳೆಯಲಾಗದ ಸಾಕ್ಷಿ ಒದಗಿಸಬೇಕು ಎಂದು ಕಲ್ಮೇಶ ಹಟ ಹಿಡಿದ. ವಿಮಾನದ ಬಿಡಿಭಾಗಗಳ ಗೋದಾಮಿನಲ್ಲಿ ಅವನ ಕೆಲಸ, ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂದು ಸೆನ್ಸರ್ ಇಟ್ಟು ಪತ್ತೆ ಮಾಡುವುದು. ಬೋಲ್ಟಿಗೆ ಆಗುವುದು ಬಿಲ್ಲೆಗೆ ಏಕೆ ಆಗಬಾರದು? ಬಿಲ್ಲೆ ಕೊರೆದು ಒಳಗೆ ಚಿಪ್ ಕೂರಿಸಿದ. ಗೋಲಿನ ಕಂಬಗಳಿಗೆ ಸೆನ್ಸರ್ ಕಟ್ಟಿದ. ಬಿಲ್ಲೆ ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಕೆಂಪು ದೀಪ ಹತ್ತುತ್ತದೆ, ಅಂಚು ಗೆರೆಗೆ ತಾಗಿದ್ದರೂ ಹತ್ತುವುದಿಲ್ಲ. ಪುಟಿಯದಿರಲೆಂದು ಬಿಲ್ಲೆಯನ್ನು ಆಟಕ್ಕೆ ಮೊದಲೇ ಫ್ರೀಜರಿನಲ್ಲಿ ಇಡುತ್ತಾರೆ. ಹಾಗಾಗಿ ಕ್ರಾಸ್‌ರೋಡ್ಸ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ತಿಂಗಳುಗಟ್ಟಲೆ ತೆಂಗಿನ ತುರಿಯ ಪೊಟ್ಟಣಗಳ ಪಕ್ಕದಲ್ಲಿ ಬಿಲ್ಲೆಗಳು ಮಲಗಿದ್ದವು. ಕವನಾ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದಾಳೆ ಎಂದರೆ ಅರ್ಧ ಕ್ಷಮೆ ಸಿಕ್ಕಂತೆ ಎಂದು ಕಲ್ಮೇಶ ಒಳಗೊಳಗೇ ಹಿಗ್ಗಿದ.

ಈ ವರ್ಷದ ಪಂದ್ಯದ ದಿನ ಬಂತು. ಕವನಾ ತಂಡದವರ ಜೊತೆ ಮೊದಲೇ ಹೋಗಿದ್ದಳು. ಕಲ್ಮೇಶ ಬಿಲ್ಲೆಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಕೆಂಟ್ ಕಡೆ ಡ್ರೈವ್ ಮಾಡುತ್ತಿದ್ದಾಗ ಗದಿಗೆಪ್ಪ ಕಾಕಾನ ಫೋನ್ ಬಂತು. ಕಾಕಾ ಮೊದಲು ಊರಿನ ಸುದ್ದಿ ಹೇಳಿ, ಆಮೇಲೆ ವಿಷಯಕ್ಕೆ ಬಂದರು.

"ಲೇ ತಮ್ಮಾ, ಆ ಮಷಿನ್ನಿಗೆ ನಮ್ಮ ಊರಿನ ಅಭಿಮಾನ ಐತೋ ಇಲ್ಲೋ? ಸ್ವಲ್ಪ ನಮ್ಮ ಕಡೆ ವಾಲೂ ಹಂಗ ಮಾಡಪಾ."

ಯಂತ್ರಕ್ಕೆ ಊರು ಕೇರಿ ಇಲ್ಲ ಎಂದು ಹೇಳಲು ಕಲ್ಮೇಶ ಬಾಯಿ ತೆರೆದ. ಆದರೆ ಅವನನ್ನು ಎತ್ತಿ ಆಡಿಸಿದ ಕಾಕಾ ಅವರು. ಹಿರಿಯರಿಗೆ ಇಲ್ಲ ಎನ್ನುವುದು ಅವನ ವಂಶದಲ್ಲೇ ಇರಲಿಲ್ಲ. ಹಿರಿಯರು ಏನು ಹೇಳಿದರೂ ಹೂಂ ಅನ್ನಬೇಕು, ಆಮೇಲೆ ಮಾಡಬೇಕಾದ್ದನ್ನು ಮಾಡಿಕೊಂಡು ಹೋಗಬೇಕು. ಅವನಪ್ಪ ಹಾಗೆಯೇ ಬದುಕಿದ್ದು, ಅಜ್ಜ ಹಾಗೆಯೇ ತೀರಿಕೊಂಡಿದ್ದು. ಕಲ್ಮೇಶನೂ ಆಗಲಿ ಕಾಕಾ ಎಂದು ಫೋನ್ ಇಟ್ಟ.

ಅಂಗಳದ ಹೊರಗೆ ಕಾರು ನಿಲ್ಲಿಸಿದರೆ, ಮಾವ ಗುರುಪ್ರಸಾದರು ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ ಹಿಡಿದು ಕಾಯುತ್ತಿದ್ದರು. ಅಳಿಯನ ಕೈಗೆ ಲೋಟ ಕೊಟ್ಟು, ಅವನು ಎರಡು ಗುಟುಕು ಕುಡಿಯುವ ತನಕ ಮರ್ಯಾದೆಯಿಂದ ಕಾದರು.

"ಅಳಿಯಂದ್ರೇ, ಯಂತ್ರ ಅಂದ್ಮೇಲೆ ಸ್ವಲ್ಪ ಹೆಚ್ಚು ಕಮ್ಮಿ ಇದ್ದೇ ಇರುತ್ತೆ. ಆ ಹೆಚ್ಚು ಅನ್ನೋದು ನಮ್ಮ ಹುಡುಗಿ ಕಡೆಗಿದ್ರೆ ಚೆನ್ನಾಗಿರುತ್ತೆ, ಅಲ್ವಾ?"

ಬಾಯಲ್ಲಿ ಅವರದೇ ಕೋಡುಬಳೆ ಇತ್ತು. ಕಲ್ಮೇಶ ಇದಕ್ಕೂ ತಲೆಯಾಡಿಸಿದ. ಸೆನ್ಸರನ್ನು ಕೂದಲೆಳೆಯಷ್ಟೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿ ಒಳಗೆ ನಡೆದ.

ಯಾರೋ ಬಿಲ್ಲೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ರೆಫರಿಯಾಗಿ ಬಂದಿದ್ದ ಅಮೆರಿಕನ್ ಹುಡುಗಿ ಅದನ್ನು ರಕ್ತವೆಂದು ತಿಳಿದು ಗಾಬರಿಯಾದಳು, ಅವಳನ್ನು ಸಮಾಧಾನಪಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗದಿಗೆಪ್ಪನವರು ಮೈಕ್ ಹಿಡಿದು, ಇವತ್ತು ಮಷಿನ್ ಹೇಳಿದ್ದೇ ಕೊನೆಯ ಮಾತು, ತಕರಾರು ತೆಗೆದವರು ಮಲಪ್ರಭಾದವರೇ ಅಲ್ಲ ಎಂದು ಘೋಷಿಸಿದರು. ಗುರುಪ್ರಸಾದರು ಮೈಕ್ ಇಸಿದುಕೊಂಡು, ವಿಜ್ಞಾನಕ್ಕೆ ತಲೆಬಾಗದವರು ಶಿಂಷಾದಲ್ಲಿ ಯಾರೂ ಇಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಹಾವು ಮುಂಗುಸಿಯಂತಿದ್ದ ಇಬ್ಬರೂ ಹಿರಿಯರು ಒಂದೇ ಯಂತ್ರದ ಮೇಲೆ ಇಷ್ಟು ಭಕ್ತಿ ಇಟ್ಟಿದ್ದು ಏಕೆಂದು ಗೊತ್ತಿದ್ದವನು ಕಲ್ಮೇಶ ಒಬ್ಬನೇ. ಆ ಚಳಿಯಲ್ಲೂ ಅವನು ಬೆವರಿದ.

ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಎರಡೆರಡು ಗೋಲಾಗಿದ್ದವು. ಆಗ ಕವನಾ ಬಲಗಡೆಯಿಂದ ನುಗ್ಗಿ ಬಂದು ಹೊಡೆದಳು. ಶಶಿಕಾಂತ ಅಕ್ಕಿ ಮೂಟೆ ಉರುಳಿದಂತೆ ಬಿಲ್ಲೆಯ ಮೇಲೆ ಬಿದ್ದ. ಅವನ ಮೇಲೆ ಮತ್ತಿಬ್ಬರು ಬಿದ್ದರು. ಕಳೆದ ವರ್ಷದ್ದೇ ಜಾಗ, ಕಳೆದ ವರ್ಷದ್ದೇ ಹೊಟ್ಟೆ. ಇಡೀ ಅಂಗಳ ದೀಪದ ಕಡೆ ತಿರುಗಿತು. ಕೆಂಪು ದೀಪ ಹತ್ತಿತ್ತು.

ಎಲ್ಲರೂ ಗದಿಗೆಪ್ಪನವರ ಮುಖ ನೋಡಿದರು. ಮಷಿನ್ ಕೈಕೊಟ್ಟಿತು ಎಂದು ಕೂಗಬೇಕಾದರೆ, ಅದರ ಕೈಯನ್ನು ತಾವು ಮೊದಲೇ ಹಿಡಿದಿದ್ದು ಹೊರಗೆ ಬರುತ್ತಿತ್ತು. ಮಷಿನ್ ಹೇಳಿದ ಮೇಲೆ ಮುಗಿಯಿತು ಎಂದು ಗೊಣಗಿ ಕೂತರು. ಶಿಂಷಾ ಗೆದ್ದಿತು.

ಕವನಾ ಹೆಲ್ಮೆಟ್ ಕಿತ್ತು ಗಾಜಿನ ಹತ್ತಿರ ಜಾರಿಕೊಂಡು ಬಂದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಈ ಸಲ ನೋಡಿದೆಯಾ ಎಂದು ಸನ್ನೆಯಲ್ಲೇ ಕೇಳಿದಳು. ಕಲ್ಮೇಶ ನಿಜವಾಗಿಯೂ ನೋಡಿದ್ದ. ಮದುವೆಯ ದಿನವೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಆ ಸಂತೋಷ ಊಟದ ಹಾಲ್ ತನಕ ಉಳಿಯಿತು. ಅಲ್ಲಿ ಮಾವ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಮಗಳ ಪಕ್ಕಕ್ಕೆ ಬಂದರು. ಅಳಿಯನನ್ನು ಹೊಗಳದೆ ಇರಲು ಅವರಿಗೆ ಆಗಲಿಲ್ಲ. ಬೆಳಿಗ್ಗೆ ತಾವು ಒಂದು ಮಾತು ಕೇಳಿದ್ದಾಗಿಯೂ, ಅವನು ಮರುಮಾತಿಲ್ಲದೆ ನಡೆಸಿಕೊಟ್ಟಿದ್ದಾಗಿಯೂ, ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದೂ ಕಿವಿಯಲ್ಲಿ ಹೇಳಿದರು.

ಕವನಾ ತಟ್ಟೆ ಕೆಳಗಿಟ್ಟಳು. ಅಪ್ಪ ಕೇಳಿದ್ದು ನಿಜವೇ, ನೀನು ಒಪ್ಪಿದ್ದು ನಿಜವೇ ಎಂದು ಗಂಡನನ್ನು ಕೇಳಿದಳು. ಒಪ್ಪಿದ್ದು ನಿಜ, ಆದರೆ ಎಂದು ಕಲ್ಮೇಶ ಶುರುಮಾಡಿದ. ಅಷ್ಟರಲ್ಲಿ ಅವಳು ವೇದಿಕೆಯ ಮೇಲಿದ್ದಳು.

"ಈ ಗೋಲು ನನಗೆ ಬೇಡ. ಮೆಷಿನ್ನಲ್ಲಿ ಮೋಸ ಇದೆ. ಎರಡು ಎರಡು ಅಂತಲೇ ಬರ್ಕೊಳ್ಳಿ," ಎಂದು ಮೈಕಿನಲ್ಲಿ ಹೇಳಿ ತಂಡ ಗೆದ್ದ ಕಪ್ಪನ್ನು ಮೇಜಿನ ಮೇಲೆ ವಾಪಸ್ ಇಟ್ಟಳು.

ಮೊದಲು ಎದ್ದವರು ಗದಿಗೆಪ್ಪನವರು. ಮೋಸ ನಡೆದಿದೆ ಎಂದು ತಮಗೆ ಆಗಲೇ ಗೊತ್ತಿತ್ತು, ಹುಡುಗ ತಮ್ಮ ಮಾತಿಗೆ ಆಗಲಿ ಅಂದಿದ್ದ ಎಂದು ಕೂಗಿದರು. ಕೂಗಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಅರ್ಥವಾಯಿತು. ಇಬ್ಬರು ಹಿರಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮರ್ಯಾದೆ ಉಳಿಸಿಕೊಳ್ಳುವ ದಾರಿ ಇಬ್ಬರಿಗೂ ಒಟ್ಟಿಗೇ ಹೊಳೆದು, ಇಬ್ಬರೂ ಕಲ್ಮೇಶನ ಕಡೆ ತಿರುಗಿದರು. ಎರಡು ನದಿಗಳೂ ಒಂದಾಗಿ ಅವನ ಮೇಲೆ ಹರಿದವು. ತಾನು ಯಂತ್ರವನ್ನು ಮುಟ್ಟೇ ಇಲ್ಲ ಎಂದು ಅವನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ವಾಪಸ್ ಬರುವಾಗ ಕವನಾ ಡ್ರೈವ್ ಮಾಡಿದಳು. ಕಲ್ಮೇಶ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತ. ಬೆಲ್‌ವ್ಯೂ ಹತ್ತಿರ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಪರದೆಯನ್ನು ಅವಳ ಕಡೆ ತಿರುಗಿಸಿದ. ಬಿಲ್ಲೆಯ ದಾರಿ ನೀಲಿ ಗೆರೆಯಾಗಿ ಅಲ್ಲಿತ್ತು. ಅವಳ ಕೋಲಿನಿಂದ ಹೊರಟು, ಶಶಿಕಾಂತ ಬೀಳುವುದಕ್ಕೆ ಮೊದಲೇ ಗೋಲಿನೊಳಗೆ ಒಂದು ಗೇಣು ಹೋಗಿತ್ತು. ಸೆನ್ಸರಿನ ಲೆಕ್ಕವೆಲ್ಲ ಪಕ್ಕದಲ್ಲೇ ಇತ್ತು. ಅವಳೂ ಎಂಜಿನಿಯರ್. ಯಾವುದು ತಿದ್ದಿದ್ದು, ಯಾವುದು ತಿದ್ದಿಲ್ಲ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕವನಾ ನೋಡಿದಳು. ಸಿಗ್ನಲ್ ಹಸಿರಾಯಿತು. ಅವಳು ಇನ್ನೂ ನೋಡುತ್ತಲೇ ಇದ್ದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಮುಚ್ಚು ಅದನ್ನ," ಅಂದಳು ಮೆಲ್ಲಗೆ. "ಇದು ನಿಜ ಅಂದ್ರೆ, ಎರಡು ವರ್ಷ ಬಿದ್ದು ಎದ್ದು ಹೊಡೆದ ಗೋಲನ್ನ ನಾನೇ ಮೈಕ್ ಹಿಡ್ಕೊಂಡು ಬಿಸಾಕಿದೀನಿ ಅಂತ ಆಯ್ತು. ಅದನ್ನ ತಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಕಲ್ಮೇಶ್. ಈಗ ಹೇಳು. ನೀನು ಮೋಸ ಮಾಡಿದ್ಯಾ, ಇಲ್ವಾ?"

ಕಲ್ಮೇಶ ಅವಳ ಮುಖ ನೋಡಿದ. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ಮಾಡಿದೆ," ಅಂದ.

"ನಂಗೆ ಗೊತ್ತಿತ್ತು," ಎಂದು ಕವನಾ ನಿಟ್ಟುಸಿರು ಬಿಟ್ಟು ಗಾಡಿ ಓಡಿಸಿದಳು. ಮನೆ ಸೇರುವ ತನಕ ಮನಸ್ಸು ಬಿಚ್ಚಿ ಅವನನ್ನು ಬೈದಳು.