ನೀಲವ್ವನ ಕೌದಿಯ ಮೇಲೆ ಪೈಲ್ವಾನನ ದಂಡಯಾತ್ರೆ

ವಾಗ್ದೇವಿಯೇ, ಸಾಮ್ರಾಜ್ಯಗಳ ಏಳುಬೀಳುಗಳನ್ನು ಹಾಡಿ ದಣಿದ ನಿನ್ನ ನಾಲಿಗೆಗೆ ಇಂದು ಸ್ವಲ್ಪ ಸಣ್ಣ ಕೆಲಸವಿದೆ, ಬೇಸರಿಸಬೇಡ. ನೆಲಕ್ಕೆ ಟೈಲ್ಸು, ಗೋಡೆಗೆ ಟೀವಿ ಬಂದರೂ ಮಂಚದ ಮೇಲೆ ಮಾತ್ರ ಅಜ್ಜಿಯ ಕಾಲದ ಹತ್ತಿಯೇ ಉಳಿದಿದ್ದ ಈ ಕಲಿಯುಗದಲ್ಲಿ, ಗಜೇಂದ್ರಗಡದ ಕುಂಬಾರ ಓಣಿಯಲ್ಲಿ, ಗರಡಿಮೃತ್ತಿಕಾಲಿಪ್ತವಿಶಾಲವಕ್ಷನೂ, ಸಹಸ್ರಬೈಠಕ್‌ಬಲಿಷ್ಠಜಂಘನೂ, ಹದಿನೇಳು ಕುಸ್ತಿಕಣಗಳಲ್ಲಿ ಬೆಳ್ಳಿಯ ಕಡಗ ಗೆದ್ದವನೂ ಆದ ಪೈಲ್ವಾನ್ ಸೋಮಲಿಂಗಪ್ಪನು ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಕೈಗೊಂಡ ಮಹಾದಂಡಯಾತ್ರೆಯನ್ನು ಇದ್ದದ್ದು ಇದ್ದಂತೆ ನುಡಿಸು.

ಈ ವೀರನಿಗೆ ಒಂದೇ ಒಂದು ದುಃಖವಿತ್ತು. ಮಡದಿ ನೀಲವ್ವನಿಗೆ ಉಬ್ಬಸ. ನಾಲ್ಕು ತಿಂಗಳಿಂದ ಆಕೆ ಬೆನ್ನು ನೆಲಕ್ಕೆ ಹಚ್ಚಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ. ಅವಳ ಎದೆಯೊಳಗಿನ ಸುಂಯ್ ಸುಂಯ್ ಸದ್ದು ಕೇಳುವಾಗೆಲ್ಲ ಪೈಲ್ವಾನನಿಗೆ ತನ್ನ ತೋಳುಗಳು ಮೂರು ಕಾಸಿಗೂ ಬಾರದವೆನಿಸುತ್ತಿದ್ದವು. ಇವಳಿಗೇನಾದರೂ ಆದರೆ ಎಂಬ ಮಾತನ್ನು ಆತ ಮನಸ್ಸಿನೊಳಗೂ ಪೂರ್ತಿ ಮಾಡುತ್ತಿರಲಿಲ್ಲ.

ಕೊನೆಗೆ ದವಾಖಾನೆಯ ಡಾಕ್ಟರಬಾಯಿ ಶತ್ರುವಿನ ಹೆಸರು ಹೇಳಿದಳು: ಧೂಳುನುಸಿ. ಸಾಸಿವೆ ಕಾಳನ್ನು ಐದಾರು ಪಾಲು ಮಾಡಿದರೆ ಒಂದು ಪಾಲಿನಷ್ಟು ದೇಹ, ಜೇಡನಂತೆ ಎಂಟು ಕಾಲು, ವಾಸ ಹಾಸಿಗೆ ಹೊದಿಕೆಗಳಲ್ಲಿ, ಆಹಾರ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು. ಅದು ಕಚ್ಚುವುದಿಲ್ಲ, ಆದರೆ ಅದರ ಹಿಕ್ಕೆ ಧೂಳಿನೊಡನೆ ಮೂಗಿಗೇರಿದರೆ ನೀಲವ್ವನಂಥವರ ಉಸಿರಿನ ಕೊಳವೆ ಬಿಗಿಯುತ್ತದೆ. ಎದುರಾಳಿಯ ಹೆಸರು, ಊರು, ತೂಕ ತಿಳಿದ ಮೇಲೆ ಗುರುವಿನ ಮಾತನ್ನೂ ಕೇಳದೆ ಕಣಕ್ಕೆ ಇಳಿಯುವುದು ಸೋಮಲಿಂಗಪ್ಪನ ಹಳೆಯ ಪದ್ಧತಿ. ಅದರಂತೆ ಆತ ಎದ್ದು ಹೋಗಿ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ. ಉಪಾಯವನ್ನೆಲ್ಲ ಒಳಗೆ ಕೂತು ಕೇಳಿಸಿಕೊಂಡವಳು ನೀಲವ್ವ.

ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ವಾರಕ್ಕೊಮ್ಮೆ ಹೊದಿಕೆ ಒಗೆದು ಬಿಸಿಲಿಗೆ ಹಾಕಬೇಕಂತೆ ಎಂದು ಆಟೋದಲ್ಲಿ ಅವಳೇ ಹೇಳಿದಳು, ಆಗದೆಂದೂ ಅವಳೇ ಹೇಳಿದಳು. ಅವಳ ಹೊದಿಕೆಯೆಂದರೆ ಅವ್ವನ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಏಳು ಪದರಿನ ಕೌದಿ. ಕೌದಿ ಒಗೆಯುವುದು ವರ್ಷಕ್ಕೊಮ್ಮೆ, ದಸರೆಯ ಮುಂಚೆ. ಬೇರೆ ದಿನ ಓಣಿಯ ಮಾಳಿಗೆಯ ಮೇಲೆ ಒದ್ದೆ ಕೌದಿ ಕಂಡಿತೆಂದರೆ ಆ ಮನೆಯಲ್ಲಿ ಹೆಣ ಬಿದ್ದಿದೆ, ಸೂತಕ ಕಳೆಯುತ್ತಿದ್ದಾರೆ ಎಂದೇ ಅರ್ಥ. ಈಗಿನ್ನೂ ಮಾಘ ಮಾಸ. ಬದುಕಿರುವಾಗಲೇ ಮಂದಿಯಿಂದ ಸಾಯಿಸಿಕೊಳ್ಳಲು ತಾನು ತಯಾರಿಲ್ಲವೆಂದು ನೀಲವ್ವ ಖಡಾಖಂಡಿತವಾಗಿ ಹೇಳಿಬಿಟ್ಟಳು. ಪೈಲ್ವಾನನಿಗೂ ಒಳಗೊಳಗೇ ಹಾಯೆನಿಸಿತು. ಕಡಗದ ಕೈಯಿಂದ ಕೌದಿ ಒಗೆಯುವುದನ್ನು ಓಣಿ ನೋಡಿದರೆ ಮರ್ಯಾದೆಯ ಗತಿಯೇನು? ಇದೊಂದೇ ಜಗಳದಲ್ಲಿ ದಾರಿ ಮುಗಿದು, ಡಾಕ್ಟರಬಾಯಿಯ ಉಳಿದ ಮಾತು ನೀಲವ್ವನ ಬಾಯಲ್ಲೇ ಉಳಿಯಿತು.

ಮರುದಿನ ಮಧ್ಯಾಹ್ನ ನೀಲವ್ವ ಹಿತ್ತಲಲ್ಲಿ ಹುಣಸೆ ಬಿಡಿಸುತ್ತಿದ್ದಾಗ ಆತ ರಣರಂಗ ಪ್ರವೇಶಿಸಿದನು. ಲಂಗೋಟಿ ಬಿಗಿದು, ಹಣೆಗೆ ವಿಭೂತಿ ಬಳಿದು, ತೊಡೆ ತಟ್ಟಿ, ವೈರಿಕುಲದ ಒಂದು ಪಿಳ್ಳೆಯೂ ತಪ್ಪಿಸಿಕೊಂಡು ಓಡದಿರಲೆಂದು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಬಿದಿರಿನ ಬಡಿಗೆ ಎತ್ತಿದನು. ‘ಎಲವೋ ಶಯ್ಯಾದುರ್ಗನಿವಾಸಿಗಳಿರಾ, ಚರ್ಮಚೂರ್ಣಭಕ್ಷಕರಿರಾ, ಎಂಟು ಕಾಲಿದ್ದೂ ಒಂದು ಹೆಜ್ಜೆ ಎದುರಿಗೆ ಬಾರದ ಹೇಡಿಗಳಿರಾ, ಮಲ್ಲಕುಲತಿಲಕನ ಮಡದಿಯ ಉಸಿರಿಗೆ ಕೈಯಿಕ್ಕಿದ ನಿಮ್ಮ ವಂಶವನ್ನು ಇಂದೇ ನಿರ್ನಾಮಗೊಳಿಸುವೆನು’ ಎಂದು ಆತನ ಅಂತರಂಗ ಗರ್ಜಿಸಿತು. ಬಾಯಿಂದ ಹೊರಟದ್ದು, “ಬರ್ರಿ ಮಕ್ಕಳ, ನೋಡೇ ಬಿಡೂಣು” ಎಂಬುದಷ್ಟೇ.

ಬಡಿಗೆ ಬಿದ್ದಿತು. ಏಳು ಪದರಿನ ಕೋಟೆ ನಡುಗಿತು. ವರ್ಷಗಳ ಧೂಳು ಮೋಡವಾಗಿ ಎದ್ದು ಮಾಳಿಗೆಯ ಗವಾಕ್ಷಿಯಿಂದ ಇಳಿದ ಬಿಸಿಲಕೋಲಿನಲ್ಲಿ ಹೊಳೆಯತೊಡಗಲು, ಅವೆಲ್ಲ ಸತ್ತ ಸೈನಿಕರೆಂದೇ ತಿಳಿದ ಪೈಲ್ವಾನನು ಇಮ್ಮಡಿ ಹುಮ್ಮಸ್ಸಿನಿಂದ ಬಡಿದನು. ಶತ್ರುಗಳಾದರೋ ಕೌದಿಯ ಒಳಪದರಗಳಲ್ಲಿ ಊಟ ಮುಂದುವರಿಸಿದ್ದರು.

ಸದ್ದು ಕೇಳಿ ನೀಲವ್ವ ಬಾಗಿಲು ದೂಡಿದಳು. ಒಳಗೆ ಎರಡು ಹೆಜ್ಜೆ ಇಟ್ಟವಳು ಎದೆ ಹಿಡಿದುಕೊಂಡು ಹಾಗೇ ಕುಸಿದಳು. ತುಟಿ ನೀಲಿಗಟ್ಟಿತು. ಬಡಿಗೆ ಎಸೆದು, ಲಂಗೋಟಿಯ ಮೇಲೊಂದು ಲುಂಗಿ ಸುತ್ತಿ, ಅವಳನ್ನು ಎತ್ತಿಕೊಂಡು ಆತ ಓಣಿಯುದ್ದಕ್ಕೂ ಓಡಿದನು. ದವಾಖಾನೆಯಲ್ಲಿ ಮೂಗು ಬಾಯಿಗೆ ಮುಖವಾಡ ಹಾಕಿ ಮದ್ದಿನ ಆವಿ ಕೊಟ್ಟು ಮುಕ್ಕಾಲು ಗಂಟೆಯಾದ ಮೇಲೆ ಅವಳ ಉಸಿರು ದಾರಿಗೆ ಬಂತು. ಆಮೇಲೆ ಡಾಕ್ಟರಬಾಯಿ ಆತನನ್ನು ಹೊರಗೆ ಕರೆದಳು.

“ಕೌದಿ ಬಡಿದು ಇದ್ದ ಹಿಕ್ಕೀನೆಲ್ಲಾ ಗಾಳಿಗೆ ಎಬ್ಬಿಸೀರಿ ಅಜ್ಜಾರ, ಮ್ಯಾಲ ಬಾಗಲಾ ಬ್ಯಾರೆ ಹಾಕೀರಿ. ಬಡೀಬ್ಯಾಡ್ರಿ ಅಂತ ನಿನ್ನೆನ ಹೇಳಿದ್ದೆ. ಇನ್ನೊಂದು ಸಲ ಹಿಂಗಾದ್ರ ನನ್ನ ಕೈಯಾಗ ಇರೂದಿಲ್ಲ.”

ಹದಿನೇಳು ಕಣಗಳಲ್ಲಿ ಯಾರೂ ಕಾಣದ ಕಣ್ಣೀರು ದವಾಖಾನೆಯ ಬೆಂಚಿನ ಮೇಲೆ ಧಾರಾಳವಾಗಿ ಹರಿಯಿತು. ತನ್ನ ಕೈಯಿಂದಲೇ ಅವಳು ಹೋಗಿಬಿಡುತ್ತಿದ್ದಳು ಎಂಬುದನ್ನು ಆತನಿಗೆ ತಾಳಿಕೊಳ್ಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯೆಲ್ಲ ಎಚ್ಚರವಿರುವ ಹೊತ್ತಿನಲ್ಲೇ ಸೋಮಲಿಂಗಪ್ಪನು ಕುದಿಯುವ ನೀರಿನ ಹಂಡೆಯನ್ನು ಮಾಳಿಗೆಗೆ ಹೊತ್ತನು. ರಾತ್ರಿಯೇ ದವಾಖಾನೆಯಿಂದ ಮನೆಗೆ ಬಂದಿದ್ದ ನೀಲವ್ವ ಕೆಳಗಿನಿಂದ ಬೇಡ ಬೇಡವೆಂದಳು; ಆತ ಕೇಳಿಸಿಕೊಳ್ಳಲಿಲ್ಲ. ನೆನೆಸಿದ ಕೌದಿಯನ್ನು ನೀರು ತುಸು ಆರಿದ ಮೇಲೆ ಗರಡಿಯ ಮಣ್ಣಿನಂತೆ ತುಳಿದನು. ನೀರು ಹುಣಸೆರಸದ ಬಣ್ಣಕ್ಕೆ ತಿರುಗಿತು. ಆದರೆ ನೀರು ಕುಡಿದ ಕೌದಿ ಎಮ್ಮೆಕರುವಿನ ತೂಕ ತೂಗುತ್ತದೆಂಬುದನ್ನು ಯಾವ ಗುರುವೂ ಆತನಿಗೆ ಕಲಿಸಿರಲಿಲ್ಲ. ಎತ್ತಲು ಹೋದ ಮಲ್ಲಕುಲತಿಲಕನು ಸಾಬೂನಿನ ನೀರಿನಲ್ಲಿ ಜಾರಿ ಅಂಗಾತ ಬಿದ್ದನು. ಕೌದಿ ಎದೆಯ ಮೇಲೆ ಕೂತಿತು. ಕುಸ್ತಿಯ ನಿಯಮದಂತೆ ಇದು ಸೋಲೇ.

ಅಷ್ಟರಲ್ಲಿ ಪಕ್ಕದ ಮನೆಯ ಕಾಶವ್ವ ತಲೆಯ ಮೇಲೆ ಸೆರಗು ಹೊದ್ದು, ಮುಖ ಸಣ್ಣಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದಳು. ನಿನ್ನೆ ಆತ ನೀಲವ್ವನನ್ನು ಹೊತ್ತು ಓಡಿದ್ದನ್ನು ಅವಳೂ ನೋಡಿದ್ದಳು.

“ಯಾವಾಗ ಹೋದಳ್ರಿ ಪೈಲ್ವಾನರ?” ಎಂದು ಮೆಲ್ಲಗೆ ಕೇಳಿದಳು.

ಕೌದಿಯ ಕೆಳಗಿನಿಂದಲೇ ಆತ ಹೇಳಿದನು: “ಹೋಗಿಲ್ಲ ಕಾಶವ್ವ. ಹೋಗಬಾರದು ಅಂತ ಒಗ್ಯಾಕತ್ತೀನಿ.”

ಕಾಶವ್ವ ತಲೆಯ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಕೌದಿಯ ಒಂದು ತುದಿ ಎತ್ತಿ ಹಿಡಿದಳು. ಆತ ಎದ್ದು ಇನ್ನೊಂದು ತುದಿ ಹಿಡಿದನು. ಅವಳು ಎಡಕ್ಕೆ, ಆತ ಬಲಕ್ಕೆ ತಿರುವಿ ಹಿಂಡಿದರು. ಮಾಳಿಗೆಯ ಗೋಡೆಯ ಮೇಲೆ ಓಣಿಗೆಲ್ಲ ಕಾಣುವಂತೆ ಕೌದಿ ಹರಡಿತು.

ಹೀಗೆ ಆ ಮಹಾಯುದ್ಧ ಮುಗಿಯಿತು ಎನ್ನುವಷ್ಟರಲ್ಲಿ ಕೆಳಗಿನಿಂದ ನೀಲವ್ವ ನಡುನಡುವೆ ಉಸಿರು ತೆಗೆದುಕೊಳ್ಳುತ್ತ, ದಿಂಬಿನ ಚೀಲ ಎರಡು ಉಳಿದಿವೆ, ಬರುವ ಸೋಮವಾರ ಇದನ್ನೆಲ್ಲ ಮತ್ತೆ ಒಗೆಯಬೇಕು ಎಂದು ಕೂಗಿ ಹೇಳಿದಳು. ಪೈಲ್ವಾನನು ಹೂಂ ಎಂದು, ನೋಯುವ ಸೊಂಟ ಹಿಡಿದುಕೊಂಡು, ದಿಂಬು ತರಲು ಕೆಳಗಿಳಿದನು.