ಅಡ್ಡಿಲ್ಲ ಮೇಷ್ಟ್ರಿಗೆ ಊಟ ಹಾಕಿದ್ದು

ಮನೆಗೆ ನಾಲ್ಕು ಜನರನ್ನು ಊಟಕ್ಕೆ ಕರೆದ ದಿನ ಗ್ಯಾಸ್ ಖಾಲಿಯಾಗಬಹುದು, ಕರೆಂಟು ಹೋಗಬಹುದು, ಸಾರಿಗೆ ಎರಡು ಸಲ ಉಪ್ಪು ಬೀಳಬಹುದು. ಆದರೆ ನಗುವಂಥದ್ದು ಒಂದೂ ನಡೆಯದೆ ಎಲೆ ಎತ್ತಿದ ದಿನ ನಮ್ಮ ಮನೆಯಲ್ಲಂತೂ ಇಲ್ಲ.

ನಾನು ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನಮ್ಮವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿಬರುವ ಖಾಸಗಿ ಬಸ್ಸಿನ ಡ್ರೈವರ್. ತಿಂಗಳಿಗೊಂದು ಭಾನುವಾರ ನಾವು ಮೂರು ಮನೆಯವರು ಸೇರಿ ಊಟ ಮಾಡುವುದು ಎಷ್ಟೋ ವರ್ಷದಿಂದ ನಡೆದುಬಂದಿದೆ. ಒಂದು ಸಲ ನಮ್ಮಲ್ಲಿ, ಒಂದು ಸಲ ಸಾಗರದ ನನ್ನ ಗೆಳತಿಯ ಮನೆಯಲ್ಲಿ, ಒಂದು ಸಲ ತೀರ್ಥಹಳ್ಳಿಯ ಮೇಷ್ಟ್ರ ಮನೆಯಲ್ಲಿ. ಗೆಳತಿ ಹೈಸ್ಕೂಲಿನಲ್ಲಿ ನನ್ನ ಬೆಂಚಿನವಳು, ಈಗ ಅವಳೇ ಟೀಚರ್. ಮೇಷ್ಟ್ರು ನಮ್ಮಿಬ್ಬರಿಗೂ ಕನ್ನಡ ಕಲಿಸಿದವರು, ರಿಟೈರಾಗಿ ಹೆಂಡತಿಯ ಜೊತೆ ತೀರ್ಥಹಳ್ಳಿಯಲ್ಲಿದ್ದಾರೆ. ಅವರ ಹೆಂಡತಿಯನ್ನು ನಾವು ಅಕ್ಕ ಅಂತಲೇ ಕರೆಯುವುದು.

ಮೇಷ್ಟ್ರು ದೇವರಂಥ ಮನುಷ್ಯ. ಒಂದೇ ತೊಂದರೆ, ಹೊಗಳಿಕೆ ಅವರ ಬಾಯಿಂದ ಹೊರಗೆ ಬರುವುದಿಲ್ಲ. ನಮ್ಮ ಪ್ರಬಂಧಗಳಿಗೆಲ್ಲ ಕೆಂಪು ಇಂಕಿನಲ್ಲಿ ಅವರು ಬರೆಯುತ್ತಿದ್ದದ್ದು ಒಂದೇ ಮಾತು: ‘ಅಡ್ಡಿಲ್ಲ.’ ಪಾಸಾಗದವಳದಕ್ಕೂ ಅದೇ, ತಾಲೂಕಿಗೆ ಮೊದಲು ಬಂದವಳದಕ್ಕೂ ಅದೇ. ಒಂದು ವರ್ಷ ಮಳೆ ಜೋರಾಗಿ ಜೋಗ ತುಂಬಿ ಬೀಳುತ್ತಿದ್ದಾಗ ಎಲ್ಲರೂ ಹೋಗಿದ್ದೆವು. ಜನ ಕೇಕೆ ಹಾಕುತ್ತಿದ್ದರು. ಮೇಷ್ಟ್ರು ಕೊಡೆ ಹಿಡಿದು ಐದು ನಿಮಿಷ ನೋಡಿ, “ಅಡ್ಡಿಲ್ಲ, ನೀರಿದೆ” ಅಂದರು.

ನನಗೊಂದು ಹಟ ಹಿಡಿದುಬಿಟ್ಟಿತ್ತು. ಈ ಮನುಷ್ಯನ ಬಾಯಲ್ಲಿ ಒಂದು ಸಲ ‘ಚೆನ್ನಾಗಿದೆ’ ಅನ್ನಿಸಬೇಕು. ಹೈಸ್ಕೂಲಿನಲ್ಲಿ ಬರೆದು ಆಗಲಿಲ್ಲ, ಬಡಿಸಿಯಾದರೂ ಆಗಲಿ ಅಂತ.

ನಿಲ್ಲದ ಬಸ್ಸು

ಮೊದಲ ಸಲ ನಮ್ಮಲ್ಲಿ ಊಟ ಇಟ್ಟುಕೊಂಡಾಗ ಹೋಳಿಗೆ ಮಾಡಿದ್ದೆ. ಬೆಳಗ್ಗೆ ನಾಲ್ಕಕ್ಕೆದ್ದು ಹೂರಣ ರುಬ್ಬಿದ್ದೆ. ಬಡಿಸಲು ನಮ್ಮವರನ್ನು ಬಿಟ್ಟದ್ದೇ ತಪ್ಪಾಯಿತು.

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ‘ಬೇಡ’ ಅಂದರೆ ಅದು ಲೆಕ್ಕಕ್ಕಿಲ್ಲ. ಎರಡನೆಯ ಸಲ ‘ಅಯ್ಯೋ ಬೇಡ’ ಅಂದರೂ ಇಲ್ಲ. ಎಲೆಯ ಮೇಲೆ ಅಡ್ಡ ಕೈ ಹಿಡಿದರೂ ಬೆರಳಿನ ಸಂದಿಯಲ್ಲಿ ಬಡಿಸಬೇಕು, ಅದೇ ಮರ್ಯಾದೆ. ಮೇಷ್ಟ್ರು ಆ ಪದ್ಧತಿಯಂತೆ ಹೋಳಿಗೆ ಬಂದಾಗ ಮೆಲ್ಲಗೆ “ಬೇಡ” ಅಂದರು. ನಮ್ಮವರು ಇಪ್ಪತ್ತು ವರ್ಷ ಬಸ್ಸು ಓಡಿಸಿದವರು. ಕೈ ತೋರಿಸಿದವರಿಗೆ ನಿಲ್ಲಿಸುತ್ತಾರೆ, ಬೇಡ ಅಂದವರನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹೋದರು. ಎರಡನೇ ಸುತ್ತಿನಲ್ಲಿ, ಮೊದಲೇ ಬೇಡ ಅಂದಿದ್ದಾರಲ್ಲ ಅಂತ, ಆ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ, ನನಗೇನು ಗೊತ್ತು? ಊಟ ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, “ಸಾರ್, ಹೋಳಿಗೆ ಹೇಗಿತ್ತು?” ಅಂತ ಕೇಳಿದೆ.

ಮೇಷ್ಟ್ರು ತಮ್ಮ ಎಲೆ ನೋಡಿದರು, ಪಕ್ಕದ ಎಲೆ ನೋಡಿದರು. “ಅಡ್ಡಿಲ್ಲ” ಅಂದರು.

ಅವರಿಗೆ ಒಂದು ಚೂರೂ ಸಿಕ್ಕಿರಲಿಲ್ಲ ಅಂತ ನನಗೆ ಗೊತ್ತಾದದ್ದು ಪಾತ್ರೆ ತೊಳೆಯುವಾಗ ಅಕ್ಕ ಹೇಳಿದ ಮೇಲೆ. ನಾನು ನಮ್ಮವರನ್ನು ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ನಗುತ್ತಾ, “ಬಿಡು ಮಾರಾಯ್ತಿ. ತಿಂದಿದ್ರೂ ಅದನ್ನೇ ಹೇಳ್ತಿದ್ರು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು, ನಂಗೇ ಆ ಮಾತು ಸಿಕ್ಕಿಲ್ಲ, ನಿಂಗೆ ಸಿಗತ್ತಾ?” ಅಂದರು.

ಅಪ್ಪೆಹುಳಿಯ ಮಹಿಮೆ

ಮುಂದಿನ ತಿಂಗಳು ಸಾಗರದಲ್ಲಿ. ಗೆಳತಿ ಹವ್ಯಕರ ಮನೆಯವಳು, ಅವಳ ಕೈಯ ಅಪ್ಪೆಹುಳಿ ಅಂದರೆ ಸಾಗರಕ್ಕೇ ಹೆಸರು. ಮಾವಿನಮಿಡಿ ಬೇಯಿಸಿ ಕಿವುಚಿ ನೀರಾಗಿ ಮಾಡಿ ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು, ಅನ್ನಕ್ಕೂ ಸೈ, ಲೋಟದಲ್ಲಿ ಕುಡಿಯಲೂ ಸೈ. ಕುಡಿದವರಿಗೆ ಕಣ್ಣು ಎಳೆಯುತ್ತದೆ, ಅದೊಂದೇ ದೋಷ.

ಮೇಷ್ಟ್ರು ಒಂದು ಲೋಟ ಕುಡಿದರು. ಲೋಟ ಮುಂದೆ ಚಾಚಿದರು. ಎರಡಾಯಿತು, ಮೂರಾಯಿತು, ಐದಾಯಿತು. ಗೆಳತಿ ನನ್ನನ್ನು ಮೊಣಕೈಯಲ್ಲಿ ತಿವಿದಳು. ಐದು ಲೋಟ ಕುಡಿದವರು ಇನ್ನೇನು ಚೆನ್ನಾಗಿದೆ ಅನ್ನಲೇಬೇಕಲ್ಲ! ನನಗೆ ಹೊಟ್ಟೆಕಿಚ್ಚು. ನನ್ನ ಹೋಳಿಗೆಗೆ ಸಿಗದ ಮಾತು ಅವಳ ಹುಳಿನೀರಿಗೆ ಸಿಗುವುದೇ?

ಮೇಷ್ಟ್ರು ಕೈ ತೊಳೆದು ಜಗಲಿಯ ಕುರ್ಚಿಯಲ್ಲಿ ಕೂತರು. ನಾವಿಬ್ಬರೂ ಎದುರಿಗೆ ನಿಂತೆವು. ಅವರು ಬಾಯಿ ತೆರೆದರು. ಹಾಗೇ ಆಕಳಿಸಿ ನಿದ್ದೆ ಹೋದರು.

ಎರಡು ಗಂಟೆ ಕಾದೆವು. ಗೆಳತಿಯ ಗಂಡ ಕುರ್ಚಿಯ ಪಕ್ಕ ಬೇಕಂತಲೇ ಜೋರಾಗಿ ಕೆಮ್ಮಿ ನೋಡಿದರು. ಕೊನೆಗೆ ಮೇಷ್ಟ್ರು ಕಣ್ಣು ಬಿಟ್ಟರು. ನಾವು ಉಸಿರು ಹಿಡಿದು ಬಗ್ಗಿದೆವು.

“ಎಂಥ, ಎಲೆ ಹಾಕಿದ್ರಾ?” ಅಂದರು ಮೇಷ್ಟ್ರು.

ಡಬ್ಬಿಯಲ್ಲಿ ಬ್ಲೌಸು

ಮೂರು ಮನೆಯ ನಡುವೆ ಸ್ಟೀಲ್ ಡಬ್ಬಿಗಳು ಓಡಾಡುವುದು ನಮ್ಮವರ ಬಸ್ಸಿನಲ್ಲಿ. ಎಂಜಿನ್ ಪಕ್ಕದಲ್ಲಿ ಅವಕ್ಕೆಂದೇ ಒಂದು ಜಾಗ ಇದೆ. ಡಬ್ಬಿಯ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ: ತುಂಬಿ ಬಂದದ್ದನ್ನು ಖಾಲಿ ವಾಪಸ್ ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು.

ಒಂದು ಸೋಮವಾರ ಅಕ್ಕನ ಡಬ್ಬಿ ನನ್ನ ಅಂಗಡಿಯಲ್ಲಿತ್ತು. ಬಸ್ಸು ಬಂದು ಹಾರ್ನ್ ಹೊಡೆಯುತ್ತಿದೆ, ಕೈಯಲ್ಲಿ ಸಕ್ಕರೆಯೂ ಇಲ್ಲ. ಅಕ್ಕನ ಬ್ಲೌಸು ಹೊಲಿದು ರೆಡಿ ಇತ್ತು. ಅದನ್ನೇ ಮಡಚಿ ಡಬ್ಬಿಗೆ ತುಂಬಿ ಕಳಿಸಿದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತ ಖುಷಿಪಟ್ಟುಕೊಂಡೆ.

ಅಕ್ಕ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಮೇಷ್ಟ್ರೇ ಡಬ್ಬಿ ಇಳಿಸಿಕೊಂಡು ಮನೆಗೆ ಹೋಗಿ, ಅನ್ನ ಬಡಿಸಿಕೊಂಡು, ಪಲ್ಯ ಇರುತ್ತದೆ ಅಂತ ಮುಚ್ಚಳ ತೆಗೆದರು. ಡಬ್ಬಿ ಮೇಷ್ಟ್ರ ಕೈಗೆ ಕೊಟ್ಟೆ ಅಂತ ನಮ್ಮವರು ಹೇಳಿದಾಗ ನಾನು ಹೆದರಿ ಫೋನ್ ಮಾಡಿದೆ. “ಸಾರ್, ತಪ್ಪಾಯ್ತು, ಡಬ್ಬಿ ನೋಡಿದ್ರಾ?”

“ನೋಡಿದೆ.”

“ಹೊಲಿಗೆ ಹೇಗಿದೆ ಸಾರ್?” ಬಾಯಿ ತಪ್ಪಿ ಕೇಳಿಬಿಟ್ಟೆ. ಹಟ ಅಂದರೆ ಹಾಗೆ.

“ಅಡ್ಡಿಲ್ಲ. ಮಜ್ಜಿಗೆ ಹಾಕ್ಕೊಂಡು ಊಟ ಮುಗಿಸಿದೆ” ಅಂದರು.

ಗೊಜ್ಜು

ಹೋದ ತಿಂಗಳು ಮತ್ತೆ ನಮ್ಮ ಮನೆಯ ಸರದಿ. ಈ ಸಲ ಬಿಡಬಾರದು ಅಂತ ಪತ್ರೊಡೆ, ಒತ್ತುಶ್ಯಾವಿಗೆ, ಕಾಯಿಹಾಲು, ಕಳಲೆ ಪಲ್ಯ ಎಲ್ಲ ಮಾಡಿದೆ. ಬಡಿಸಲು ನಮ್ಮವರೇ, ಆದರೆ ಮೂರು ಸಲ ಬೇಡ ಅನ್ನುವ ತನಕ ಯಾರ ಎಲೆಯನ್ನೂ ದಾಟಬಾರದು ಅಂತ ಕಟ್ಟಪ್ಪಣೆ ಮಾಡಿದ್ದೆ. ಎಲೆಯ ತುದಿಗೆ ಹಾಕಲು ಒಂದು ಗೊಜ್ಜು ಬೇಕಿತ್ತು. ಹಿಂದಿನ ದಿನವಷ್ಟೇ ಸಾಗರದ ಗೆಳತಿ ನನ್ನ ಡಬ್ಬಿ ವಾಪಸ್ ಕಳಿಸಿದ್ದಳು, ಅದರ ತುಂಬ ಕಂಚಿಕಾಯಿ ಗೊಜ್ಜು. ಅದನ್ನೇ ಬಟ್ಟಲಿಗೆ ಹಾಕಿಟ್ಟೆ.

ಪತ್ರೊಡೆಗೆ ಮೇಷ್ಟ್ರು “ಅಡ್ಡಿಲ್ಲ” ಅಂದರು. ಶ್ಯಾವಿಗೆಗೂ ಅಡ್ಡಿಲ್ಲ. ನಾನು ಸೋತೆ ಅಂದುಕೊಂಡೆ. ಆಗ ಮೇಷ್ಟ್ರು ಬೆರಳಲ್ಲಿ ಗೊಜ್ಜು ಮುಟ್ಟಿ ನಾಲಿಗೆಗೆ ಇಟ್ಟರು. ಕೈ ಅಲ್ಲೇ ನಿಂತಿತು. ಮತ್ತೆ ತೆಗೆದುಕೊಂಡರು. ನಮ್ಮವರನ್ನು ಕರೆದು, ಒಂದು ಸಲವೂ ಬೇಡ ಅನ್ನದೆ, ಎರಡು ಚಮಚ ಹಾಕಿಸಿಕೊಂಡರು.

“ಇದು ಚೆನ್ನಾಗಿದೆ” ಅಂದರು. “ಬಹಳ ಚೆನ್ನಾಗಿದೆ!”

ನಮ್ಮವರು ಸೌಟು ಕೆಳಗೆ ಹಾಕಿದರು. ಗೆಳತಿಯ ಗಂಡನಿಗೆ ನೆತ್ತಿಗೆ ಹತ್ತಿತು. ನನ್ನ ಕಿವಿಯಲ್ಲಿ ಗುಂಯ್ ಅಂತು. ಎಷ್ಟು ವರ್ಷದ ಹಟ! ಕಣ್ಣಲ್ಲಿ ನೀರೇ ಬಂತು, ಸುಳ್ಳು ಹೇಳುವುದಿಲ್ಲ.

“ನೀನು ಮಾಡಿದ್ದೇನೇ?” ಅಂತ ಕೇಳಿದರು ಮೇಷ್ಟ್ರು.

ಅಲ್ಲ ಸಾರ್ ಅನ್ನಬೇಕಿತ್ತು. ನಾನು ತಲೆ ತಗ್ಗಿಸಿ ನಕ್ಕೆ. ಗೆಳತಿ ನನ್ನನ್ನು ತಿಂದುಹಾಕುವ ಹಾಗೆ ನೋಡಿದಳು, ಆದರೆ ಅದ್ಯಾಕೋ ಬಾಯಿ ಬಿಡಲಿಲ್ಲ.

“ನಮ್ಮನೆಯವಳಿಗೂ ಸ್ವಲ್ಪ ಹೇಳಿಕೊಡು” ಅಂದರು ಮೇಷ್ಟ್ರು.

ಅಕ್ಕ ಆ ತನಕ ಸುಮ್ಮನೆ ಊಟ ಮಾಡುತ್ತಿದ್ದವರು ಈಗ ಗೊಜ್ಜಿಗೆ ಬೆರಳಿಟ್ಟರು. ಚಪ್ಪರಿಸಿದರು. “ಸೂಜಿಮೆಣಸು ಹಾಕಿದ್ಯಾ?”

“ಹ್ಞೂಂ ಅಕ್ಕ.”

“ಎಳ್ಳು ಹುರಿದು ಹಾಕಿದ್ಯೋ, ಹಸಿದೋ?”

ನಾನು ಗೆಳತಿಯ ಮುಖ ನೋಡಿದೆ. ಅವಳು ಫ್ಯಾನ್ ನೋಡುತ್ತಿದ್ದಳು. “ಹುರಿದೇ ಹಾಕಿದ್ದು ಅಕ್ಕ” ಅಂದೆ.

“ಇದಕ್ಕೆ ಎಳ್ಳೇ ಹಾಕಿಲ್ಲ ಮಾರಾಯ್ತಿ” ಅಂದರು ಅಕ್ಕ. “ಅವತ್ತು ನಾನು ಮರೆತಿದ್ದೆ.”

ಗಾಬರಿಯಾದರೆ ಗೆಳತಿಗೆ ಮನೆಯ ಹವ್ಯಕ ಮಾತೇ ಬರುವುದು. “ಎನ್ನ ಎಂತಕ್ಕೆ ನೋಡ್ತೆ? ಆನು ಮಾಡಿದ್ದಲ್ಲ!” ಅಂತ ಕಿರುಚಿ ಎಲ್ಲ ಬಾಯಿ ಬಿಟ್ಟಳು. ಹತ್ತು ದಿನದ ಹಿಂದೆ ಅಕ್ಕ ಅವಳಿಗೆ ಗೊಜ್ಜು ಕಳಿಸಿದ್ದರು. ಅವಳಿಗೆ ಪರೀಕ್ಷೆಯ ಪೇಪರ್ ತಿದ್ದುವ ಗಡಿಬಿಡಿ, ನನ್ನ ಡಬ್ಬಿಯನ್ನು ಖಾಲಿ ಕಳಿಸುವ ಹಾಗಿಲ್ಲ, ಅದಕ್ಕೆ ಅರ್ಧ ಗೊಜ್ಜು ನನಗೆ ದಾಟಿಸಿದ್ದಳು. ತೀರ್ಥಹಳ್ಳಿಯ ಗೊಜ್ಜು ಹೊಸನಗರ ದಾಟಿ ಸಾಗರಕ್ಕೆ ಹೋಗಿ, ಮತ್ತೆ ಅದೇ ಬಸ್ಸಿನಲ್ಲಿ ಹೊಸನಗರಕ್ಕೆ ಬಂದು, ಅದರ ಯಜಮಾನರ ಎಲೆಗೇ ಬಿದ್ದಿತ್ತು.

ಅಕ್ಕ ಗಂಡನ ಕಡೆ ತಿರುಗಿದರು. “ಹತ್ತು ದಿನದ ಹಿಂದೆ ಇದನ್ನೇ ಬಡಿಸಿದ್ನಲ್ಲ, ಆಗ ಏನಂದ್ರಿ?”

ಮೇಷ್ಟ್ರು ಎಲೆಯಲ್ಲಿ ಏನೋ ಹುಡುಕಿದರು. ನಮ್ಮವರು ಹಿಂದಿನಿಂದ, “ಅಡ್ಡಿಲ್ಲ ಅಂದಿರ್ತಾರೆ” ಅಂದರು.

“ಹಾಗಲ್ಲ,” ಅಂದರು ಮೇಷ್ಟ್ರು, “ಕಂಚಿಕಾಯಿ ಗೊಜ್ಜು ಅಂದ್ರೆ ಹಳತಾದಷ್ಟೂ ಕಹಿ ಬಿಟ್ಟು ರುಚಿ ಬರೋದು. ಅವತ್ತು ಹೊಸತು.”

“ನಾನೂ ನಿಮ್ಮನೇಲಿ ಮೂವತ್ತೆರಡು ವರ್ಷ ಹಳತಾದೆ” ಅಂದರು ಅಕ್ಕ. “ಇನ್ನೂ ಎಷ್ಟು ಹಳತಾಗ್ಬೇಕು?”

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಕ್ಕನೂ ನಕ್ಕರು. ಆದರೆ ನಗುತ್ತಲೇ ಎಡಗೈಯಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನನ್ನ ನಗು ಅರ್ಧಕ್ಕೇ ನಿಂತಿತು. ನನ್ನದು ತಿಂಗಳಿಗೊಂದು ದಿನದ ಹಟ. ಅವರು ದಿನಕ್ಕೆ ಮೂರು ಹೊತ್ತು ಬಡಿಸಿ ಕಾದವರು. ಅವರ ಮಾತನ್ನು ನಾನು ಕದಿಯಲು ಹೊರಟಿದ್ದೆ. ನಾಚಿಕೆಯಾಯಿತು.

ಮರುದಿನದ ಪಾರ್ಸೆಲ್

ಸೋಮವಾರ ಮಧ್ಯಾಹ್ನ ಬಸ್ಸು ಬಂತು. ನಮ್ಮವರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏ, ನಿಂಗೊಂದು ಪಾರ್ಸೆಲ್ ಇದೆ, ಇಳಿಸ್ಕೋ” ಅಂತ ಕೂಗಿದರು.

ಡಬ್ಬಿ ಇರಬೇಕು ಅಂತ ಹೋದೆ. ಡಬ್ಬಿಯೇ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎಂಜಿನ್ ಪಕ್ಕದಲ್ಲಿ ಮೇಷ್ಟ್ರು ಕೂತಿದ್ದರು.

“ನಮ್ಮನೆಯವಳು ಕಳಿಸಿದ್ಲು” ಅಂದರು ಇಳಿಯುತ್ತಾ. “ಅಡುಗೆ ಅವಳದೇ. ಆದ್ರೆ ನಿನ್ನ ಹತ್ರ ಕೂತು ಉಣ್ಬೇಕಂತೆ. ಹೊಸನಗರದಲ್ಲಿ ಉಂಡ್ರೆ ಮಾತ್ರ ನಂಗೆ ಬಾಯಿ ಬರೋದಂತೆ.”

ಬಟ್ಟೆ ಕತ್ತರಿಸುವ ಟೇಬಲ್ ಖಾಲಿ ಮಾಡಿ, ಎಲೆ ಹಾಸಿ, ಡಬ್ಬಿ ಬಿಚ್ಚಿ ಬಡಿಸಿದೆ. ಅನ್ನ, ಬಸಳೆ ಸೊಪ್ಪಿನ ಹುಳಿ, ಪಕ್ಕಕ್ಕೆ ಅದೇ ಗೊಜ್ಜು. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ಅಳತೆ ಮರೆತು ನೋಡುತ್ತಾ ನಿಂತರು. ಮೇಷ್ಟ್ರು ಒಂದು ಅಗುಳು ಬಿಡದೆ ಉಂಡರು.

“ಹೇಗಿದೆ ಸಾರ್?” ಅಂತ ಕೇಳಿದೆ.

ಮೇಷ್ಟ್ರು ಆ ಹೆಂಗಸರನ್ನು ನೋಡಿದರು, ಹೊಲಿಗೆ ಮೆಷಿನ್ ನೋಡಿದರು, ಗಂಟಲು ಸರಿ ಮಾಡಿಕೊಂಡರು. “ಚೆನ್ನಾಗಿದೆ” ಅಂದರು.

“ನಂಗೆ ಹೇಳಿದ್ರೆ ಏನು ಬಂತು ಸಾರ್?” ಅಂತ ನಾನು ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಎಲೆಯ ಪಕ್ಕ ಇಟ್ಟೆ.

ಆ ಕಡೆಯಿಂದ ಅಕ್ಕ “ಹಲೋ” ಅಂದರು. ಮೇಷ್ಟ್ರ ಹಣೆಯಲ್ಲಿ ಬೆವರು. ಮೂವತ್ತೈದು ವರ್ಷ ಪಾಠ ಮಾಡಿದ ಬಾಯಿ, ಎರಡು ಸಲ ತೆರೆದು ಮುಚ್ಚಿತು.

“ಊಟ... ಊಟ ಬಹಳ ಚೆನ್ನಾಗಿದೆ ಕಣೇ” ಅಂದರು. ಆಮೇಲೆ, ಯಾರೂ ಕೇಳದೆಯೇ, “ಯಾವಾಗ್ಲೂ ಚೆನ್ನಾಗೇ ಇತ್ತು” ಅಂತ ಸೇರಿಸಿದರು.

ಆ ಕಡೆಯಿಂದ ಸರಕ್ಕಂತ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಹೆಂಗಸರಿಬ್ಬರೂ ಫೋನಿಗೆ ಕಿವಿ ಕೊಟ್ಟು ಬಗ್ಗಿದ್ದರು. ಮೇಷ್ಟ್ರು ರಿಸಲ್ಟಿಗೆ ಕಾದವರ ಹಾಗೆ ಕೂತಿದ್ದರು.

“ಹೇಗಾಯ್ತೇ, ನಾನು ಹೇಳಿದ್ದು?” ಅಂತ ಅವರೇ ಕೇಳಿದರು.

“ಅಡ್ಡಿಲ್ಲ” ಅಂದರು ಅಕ್ಕ.