ಆ ಜಿಡ್ಡು ಒರೆಸಿದ್ದು ನಾನೇ

ತಪ್ಪು ಮಾಡಿದವರಿಗೆ ಬೈಗುಳ ಬೀಳಬೇಕು. ನನಗೆ ಬೀಳಲಿಲ್ಲ. ಅದೇ ನನ್ನ ದೂರು. ನನಗೆ ಬೀಳಬೇಕಾದ್ದೆಲ್ಲ ಪಾಪ ನಮ್ಮ ಅಳಿಯಂದಿರ ತಲೆ ಮೇಲೆ ಬಿತ್ತು, ಇವತ್ತಿಗೂ ಬೀಳುತ್ತಲೇ ಇದೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಬಂದರೆ ಪೆನ್ಸಿಲ್ಲು ಎತ್ತಿ, ಉಸಿರು ತಗೊಂಡು, ಆಮೇಲೆ ಮುಂದೆ ಹೋಗುತ್ತೇನೆ. ಆದರೂ ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಮ್ಮ ಅಳಿಯಂದಿರು ನೀರಿನ ಮೀಟರಿನ ಆಫೀಸಿನಲ್ಲಿ ಗುಮಾಸ್ತರು. ಅಲ್ಲಿ ಅವರ ಮಾತನ್ನು ಜವಾನನೂ ಕೇಳುವುದಿಲ್ಲವಂತೆ. (ಮನೆಯಲ್ಲಿ ಯಾರು ಕೇಳುತ್ತಾರೆ ಅನ್ನುವುದನ್ನು ಅತ್ತೆಯಾದವಳು ಬರೆಯಬಾರದು.) ಆದರೆ ಮುಂದಿನ ಕೋಣೆಯ ಕಂಪ್ಯೂಟರಿನ ವಿಷಯಕ್ಕೆ ಬಂದರೆ ಅವರು ಸಾಕ್ಷಾತ್ ಧನ್ವಂತರಿ. ಭಾನುವಾರ ಪಕ್ಕದ ಮನೆಯವರು ಗೋಡೆಯಾಚೆಯಿಂದ "ಡಾಕ್ಟ್ರೇ, ನಮ್ಮದು ಯಾಕೋ ಗುಂಯ್ ಅಂತಿದೆ" ಅಂದರೆ ಸಾಕು, ಸ್ಕ್ರೂಡ್ರೈವರು ಜೇಬಿಗಿಟ್ಟು, ತಲೆ ಬಾಚಿಕೊಂಡು ಹೊರಡುತ್ತಿದ್ದರು. ವಾರಕ್ಕೊಮ್ಮೆ ಪೇಪರಿನಲ್ಲಿ ಕಂಪ್ಯೂಟರಿನ ಸುದ್ದಿ ಬರುತ್ತದೆ. ಯಾವ ಹೊಸ ಚಿಪ್ಪು ಬಂತು, ಯಾವುದು ಅಗ್ಗವಾಯಿತು, ಹಳೆಯದನ್ನು ಹೇಗೆ ಕಾಪಾಡಿಕೊಳ್ಳಬೇಕು. ಅದನ್ನು ಕತ್ತರಿಸಿ ಒಂದು ನೋಟುಬುಕ್ಕಿಗೆ ಅಂಟಿಸುತ್ತಿದ್ದರು. ಆಮೇಲೆ ಯಾರಿಗಾದರೂ ಹೇಳಬೇಕಲ್ಲ? ನನ್ನ ಮಗಳು ಕುಕ್ಕರಿನ ನೆಪ ಹೇಳಿ ಎದ್ದು ಹೋಗುತ್ತಿದ್ದಳು. ಉಳಿದವಳು ನಾನು. ಗುಂಡಿ ಹೊಲಿಯುತ್ತ ಹೂಂ ಹೂಂ ಅನ್ನುತ್ತಿದ್ದೆ. ಹೂಂ ಅಂದದ್ದಷ್ಟೇ ಅಲ್ಲ, ಕೇಳಿಸಿಕೊಂಡೂ ಬಿಟ್ಟಿದ್ದೆ. ಅದೇ ಮುಳುವಾಯಿತು.

ಮಗಳು ಅಚ್ಚುಕೂಟದವರಿಗೆ ಪುಸ್ತಕ ಟೈಪ್ ಮಾಡಿಕೊಡುತ್ತಾಳೆ. ಆಗ ಅವಳ ಕೈಯಲ್ಲಿದ್ದದ್ದು ನಿವೃತ್ತ ಮೇಷ್ಟ್ರೊಬ್ಬರು ಬರೆದ ಜೇನು ಸಾಕಣೆಯ ಪುಸ್ತಕ. ಹೊಸ ಕಂಪ್ಯೂಟರು ಬೇಕು ಅಂತ ಅವಳು ಆರು ತಿಂಗಳಿಂದ ಹೇಳುತ್ತಿದ್ದಳು. ಹೊಸದು ಬೇಡ, ಒಂದು ಮೆಮೊರಿ ಕಡ್ಡಿ ಸಿಕ್ಕಿಸಿದರೆ ಇದೇ ಇನ್ನು ಮೂರು ವರ್ಷ ಕುದುರೆ ಓಡಿದಂತೆ ಓಡುತ್ತದೆ ಅಂತ ಅಳಿಯಂದಿರು. ಕೊನೆಗೆ ಒಂದು ಭಾನುವಾರ ಕಡ್ಡಿ ತಂದು, ಕಂಪ್ಯೂಟರಿನ ಡಬ್ಬ ಬಿಚ್ಚಿ ತಾವೇ ಸಿಕ್ಕಿಸಿದರು. ನಿಜವಾಗಿಯೂ ಓಡಿತು. ಮಗಳು ಮಾತ್ರ ಶರತ್ತು ಹಾಕಿದಳು: "ಇದರಿಂದ ಏನಾದ್ರೂ ಎಡವಟ್ಟಾದ್ರೆ ಇನ್ನು ಮುಂದೆ ನೀವು ಯಾರ ಮನೆ ಡಬ್ಬಾನೂ ಮುಟ್ಟಕೂಡದು ನೋಡಿ. ನಾನೇ ಗೋಡೆ ಹತ್ರ ನಿಂತು ಊರಿಗೆಲ್ಲ ಹೇಳ್ತೀನಿ." ಅಳಿಯಂದಿರು ನಗುತ್ತ ಒಪ್ಪಿಕೊಂಡರು. ಕೆಲಸ ಗೊತ್ತಿದ್ದವರ ನಗು ಅದು.

ಇನ್ನು ನನ್ನ ಘನಕಾರ್ಯ.

ನಮ್ಮವರು ಬದುಕಿದ್ದಾಗ ದರ್ಜಿ. ಅಂಗಡಿಯಲ್ಲಿ ಐದು ಹೊಲಿಗೆ ಮಿಷನ್ನು. ಮೂವತ್ತೆಂಟು ವರ್ಷ ಪ್ರತಿ ಶನಿವಾರ ಅವನ್ನು ಬಿಚ್ಚಿ ಚೊಕ್ಕಟ ಮಾಡಿದವಳು ನಾನು. ಹಳೇ ಜಿಡ್ಡು ಪೂರ್ತಿ ತೆಗೆಯದೆ ಮಿಷನ್ನಿನ ಮುಚ್ಚಳ ಹಾಕಿದರೆ ನಮ್ಮವರು ಊಟಕ್ಕೆ ಏಳುತ್ತಿರಲಿಲ್ಲ. ಮಿಷನ್ನು ಅಂದರೆ ಎಲ್ಲ ಒಂದೇ ಅಂತ ನಾನು ತಿಳಿದೆ. ಅಳಿಯಂದಿರ ನೋಟುಬುಕ್ಕು ಮೇಜಿನ ಮೇಲಿತ್ತು. ಧೂಳು ಕಂಪ್ಯೂಟರಿನ ಶತ್ರು, ಆರು ತಿಂಗಳಿಗೊಮ್ಮೆ ಒಳಗೆ ಶುಚಿ ಮಾಡಬೇಕು, ಮೊದಲು ವಯರು ಕೀಳಬೇಕು, ಕಬ್ಬಿಣ ಮುಟ್ಟಿ ಮೈಯ ಕರೆಂಟು ಇಳಿಸಿಕೊಳ್ಳಬೇಕು, ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಂಡು ಬ್ರಷ್ಷಾಡಿಸಬೇಕು ಅಂತ ಬರೆದಿತ್ತು. ಇಷ್ಟು ಓದಲು ನನಗೆ ಎರಡು ಮಧ್ಯಾಹ್ನ ಹಿಡಿಯಿತು. ಕೊನೆಯಲ್ಲಿ "ಉಳಿದದ್ದು ಆರನೇ ಪುಟದಲ್ಲಿ" ಅಂತಿತ್ತು. ಆರನೇ ಪುಟ ಅಂಟಿಸಿರಲಿಲ್ಲ. ಇಷ್ಟು ಉದ್ದ ಹೇಳಿದವರು ಇನ್ನೇನು ಉಳಿಸಿರುತ್ತಾರೆ ಅಂದುಕೊಂಡೆ.

ಮಗಳು ಕುಪ್ಪಸದ ಎಡತೋಳು ಮೂಗಿಗೆ ಒತ್ತಿಕೊಂಡು ಟೈಪ್ ಮಾಡುತ್ತಿದ್ದಳು, ಡಬ್ಬದಿಂದ ಅಷ್ಟು ಧೂಳು ಬರುತ್ತಿತ್ತು. ಅಳಿಯಂದಿರಿಗೆ ಬಿಡುವಿರಲಿಲ್ಲ. ಪಾಪ, ಇಬ್ಬರಿಗೂ ಒಂದು ಉಪಕಾರ ಮಾಡೋಣ ಅಂತ ಮಂಗಳವಾರ ಮಗಳು ಅಚ್ಚುಕೂಟಕ್ಕೆ ಹೋದಾಗ ಕೂತೆ. ಒಂದೊಂದು ಸ್ಕ್ರೂ ತೆಗೆದಾಗಲೂ ಅದನ್ನು ಎಲ್ಲಿಂದ ತೆಗೆದೆ ಅಂತ ಕಾಗದದ ಮೇಲೆ ಡಬ್ಬದ ಚಿತ್ರ ಬರೆದು ಆ ಜಾಗದಲ್ಲೇ ಇಟ್ಟೆ. ಹಿಂದಿನ ಎಡಗಡೆಯದೊಂದು ಮಿಕ್ಕವಕ್ಕಿಂತ ಉದ್ದ. ಧೂಳೆಲ್ಲ ಕುಂಚದಿಂದ ತೆಗೆದೆ. ದೊಡ್ಡ ಫ್ಯಾನಿನ ಕೆಳಗೆ ಒಂದು ಲೋಹದ ದಿಂಡು ಇತ್ತು. ಅದಕ್ಕೆ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ. ಬಿಚ್ಚಿ ಎತ್ತಿದರೆ ಕೆಳಗೆ ಚೌಕದ ಚಿಪ್ಪಿನ ಮೇಲೆ ಬೂದು ಬಣ್ಣದ ಜಿಡ್ಡು, ಒಣಗಿ ಕರೆ ಕಟ್ಟಿದೆ. ನಮ್ಮವರು ಎದುರಿಗೇ ನಿಂತು ನೋಡಿದ ಹಾಗಾಯಿತು. ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ, ಮುಕ್ಕಾಲು ಗಂಟೆ ಕೂತು, ಮೇಲಿನದೂ ಕೆಳಗಿನದೂ ನನ್ನ ಮುಖ ಕಾಣುವಷ್ಟು ಒರೆಸಿದೆ. ಎಲ್ಲ ಸ್ಕ್ರೂ ಅದರದರ ಜಾಗಕ್ಕೆ ಹಾಕಿದೆ. ಒಂದೂ ಮಿಗಲಿಲ್ಲ. ಜೀವನದಲ್ಲಿ ಅಷ್ಟು ಹೆಮ್ಮೆ ನನಗೆ ಇನ್ನೊಮ್ಮೆ ಆಗಿಲ್ಲ. ಸಂಜೆ ಹೇಳಿ ಬೆರಗುಗೊಳಿಸೋಣ ಅಂತ ಬಾಯಿ ಬಿಗಿಹಿಡಿದಿದ್ದೆ.

ಸಂಜೆಗೆ ಮೊದಲೇ ಬೆರಗಾಯಿತು. ಮಗಳು ಬಂದು ಕೂತ ಹತ್ತು ನಿಮಿಷಕ್ಕೆ ಕಂಪ್ಯೂಟರು ಕಣ್ಣು ಮುಚ್ಚಿತು. ಮತ್ತೆ ಹಚ್ಚಿದರೆ ಮತ್ತೆ ಹತ್ತು ನಿಮಿಷ. ಟೈಪ್ ಮಾಡಿದ್ದನ್ನು ಉಳಿಸುವುದರೊಳಗೆ ರಾಣಿಜೇನು ಮೂರು ಸಲ ಸತ್ತಳು. ಆಫೀಸಿನಿಂದ ಬಂದ ಅಳಿಯಂದಿರು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕಡ್ಡಿಯ ಪುರಾಣ ಶುರುವಾಯಿತು. ಕಡ್ಡಿಯಿಂದ ಹೀಗಾಗುವುದಿಲ್ಲ ಅಂತ ಅವರು ಮೆಲ್ಲಗೆ ಹೇಳಿದರು. ಹಾಗಾದರೆ ದೆವ್ವದಿಂದ ಆಯಿತೇನು ಅಂತ ಅವಳು ಕೇಳಿದಳು. ಒಮ್ಮೆ ಬಿಚ್ಚಿ ನೋಡುತ್ತೇನೆ ಅಂದರು. ಬಿಚ್ಚಿದ್ದು ಸಾಕಾಗಿದೆ ಅಂದಳು.

ನಾನು ಯಾಕೆ ಬಾಯಿ ಬಿಡಲಿಲ್ಲ? ನಿಜ ಹೇಳುತ್ತೇನೆ. ಮೊದಲ ದಿನ ನನಗೂ ಅದು ಕಡ್ಡಿಯದೇ ತಪ್ಪು ಅನ್ನಿಸಿತ್ತು. ಅಷ್ಟು ಚೊಕ್ಕಟ ಮಾಡಿದ ಮಿಷನ್ನು ಕೆಡುವುದುಂಟೆ? ಎರಡನೇ ದಿನ ಡಬ್ಬದ ಹಿಂದೆ ಕೈಯಿಟ್ಟೆ. ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಆಗ ತಪ್ಪು ನನ್ನದೇ ಅಂತ ಹೊಳೆಯಿತು. ಮಾತು ನಾಲಿಗೆವರೆಗೆ ಬಂತು, ಹಲ್ಲು ದಾಟಲಿಲ್ಲ. ಈ ವಯಸ್ಸಿನಲ್ಲಿ ಮಗಳ ಕೈಯಲ್ಲಿ ಬೈಸಿಕೊಳ್ಳುವ ಧೈರ್ಯ ಬರಲಿಲ್ಲ. ಅಳಿಯಂದಿರು ಊಟಕ್ಕೆ ಕೂತು ತಟ್ಟೆ ನೋಡುತ್ತಿದ್ದರು. ನಾನು ಅವರಿಗೆ ಒಂದು ಸೌಟು ಹೆಚ್ಚು ಬಡಿಸಿದೆ. ನನ್ನ ಪ್ರಾಯಶ್ಚಿತ್ತ ಅಷ್ಟರಲ್ಲೇ ಮುಗಿಯಿತು. ಆ ಎರಡು ದಿನ ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಶುಕ್ರವಾರ ಮಗಳು ರಿಪೇರಿಯವಳನ್ನು ಕರೆಸಿದಳು. ಅಳಿಯಂದಿರು ರಜೆ ಹಾಕಿ ಗೋಡೆಗೊರಗಿ ನಿಂತಿದ್ದರು. ರಿಪೇರಿಯವಳು ಮುಚ್ಚಳ ತೆಗೆದಳು, ದಿಂಡು ಎತ್ತಿದಳು, ಬಗ್ಗಿ ನೋಡಿದಳು.

"ಇದನ್ನ ಯಾರು ಒರೆಸಿದ್ದು?" ಅಂದಳು. "ಇಷ್ಟು ಚೊಕ್ಕಟ ನಾನು ಅಂಗಡಿಯಲ್ಲೂ ನೋಡಿಲ್ಲ. ಚೊಕ್ಕಟ ಮಾಡಿಯೇ ಕೊಂದಿದ್ದಾರೆ."

ಆಮೇಲೆ ವಿವರಿಸಿದಳು. ಅದು ಕೊಳೆಯಲ್ಲವಂತೆ, ಪೇಸ್ಟಂತೆ. ಎರಡು ಲೋಹದ ನಡುವೆ ನಮ್ಮ ಕಣ್ಣಿಗೆ ಕಾಣದ ಸಂದು ಇರುತ್ತದಂತೆ, ಅದನ್ನು ತುಂಬಿದರೆ ಮಾತ್ರ ಚಿಪ್ಪಿನ ಕಾವು ದಿಂಡಿಗೆ ದಾಟುತ್ತದಂತೆ. ಒರೆಸಿದರೆ ತಪ್ಪಿಲ್ಲ, ಆದರೆ ಹೊಸದನ್ನು ಒಂದು ಬಟಾಣಿಯಷ್ಟು ಹಾಕದೆ ಮುಚ್ಚಬಾರದಂತೆ. (ನೀವೂ ನೆನಪಿಟ್ಟುಕೊಳ್ಳಿ. ಆರನೇ ಪುಟದಲ್ಲಿ ಇದ್ದದ್ದು ಇದೇ ಇರಬೇಕು.) ಕಡ್ಡಿ ಸರಿಯಾಗಿದೆ, ಅದರ ತಂಟೆಗೆ ಹೋಗಬೇಡಿ ಅಂದಳು.

ಮಗಳು ಗಂಡನ ಕಡೆ ತಿರುಗಿದಳು. "ಕಡ್ಡಿ ಹಾಕೋಕೆ ಬಿಚ್ಚಿದವರು ಅಲ್ಲಿಗೂ ಕೈ ಹಾಕಿದ್ರಾ?"

ಅವರು ಇಲ್ಲವೆಂದು ತಲೆಯಾಡಿಸಿದರು. ಇನ್ನು ತಡೆಯಲಾಗಲಿಲ್ಲ ನನಗೆ. "ನಾನೇ ಒರೆಸಿದ್ದು ಕಣೇ," ಅಂದೆ.

ಮಗಳು ನನ್ನನ್ನು ನೋಡಿದ ನೋಟದಲ್ಲಿ ಕೋಪವೇ ಇರಲಿಲ್ಲ. "ಅಮ್ಮ, ನೀನು ಸುಮ್ನಿರು. ಟಿವಿ ಸದ್ದು ಕಮ್ಮಿ ಮಾಡೋಕೆ ನನ್ನ ಕೂಗ್ತೀಯ ನೀನು." ರಿಪೇರಿಯವಳೂ ನಕ್ಕು, ಈ ನಾಲ್ಕು ಸ್ಕ್ರೂವನ್ನು ಒಂದೇ ಬಿಗಿಗೆ ಕೂರಿಸುವುದು ತಿಳಿದವರ ಕೈಕೆಲಸ, ಅಜ್ಜಿಯಿಂದ ಆಗುವಂಥದ್ದಲ್ಲ ಅಂದಳು. ನನಗೆ ರೋಷ ಬಂತು. ವಯರು ಕಿತ್ತದ್ದರಿಂದ ಹಿಡಿದು ಎಲ್ಲ ಹೇಳಿದೆ. ಕಬ್ಬಿಣ ಮುಟ್ಟಿದ್ದು, ರೆಕ್ಕೆ ಹಿಡಿದದ್ದು, ಬೆಂಕಿಕಡ್ಡಿ, ಎಡಗಡೆಯ ಉದ್ದ ಸ್ಕ್ರೂ, ಒಂದೂ ಬಿಡದೆ.

ಮಗಳ ಮುಖ ಕೆಂಪಾಯಿತು. ನನ್ನ ಮೇಲಲ್ಲ.

"ವಯಸ್ಸಾದವರಿಗೆ ಇಷ್ಟೆಲ್ಲ ಬಾಯಿಪಾಠ ಮಾಡಿಸಿದ್ದೀರಲ್ಲ," ಅಂದಳು ಗಂಡನಿಗೆ, ಮೆಲ್ಲಗೆ. "ನಿಮ್ಮ ತಪ್ಪಿಗೆ ನಮ್ಮಮ್ಮನ ಕೈಲಿ ಸುಳ್ಳು ಹೇಳಿಸಿದ್ರಿ. ಕೆಡಿಸಿದ್ದಕ್ಕಿಂತ ಇದು ಹೆಚ್ಚು."

ಅಲ್ಲಿವರೆಗೆ ಅವರದು ಬರೀ ಕೈತಪ್ಪು. ನಾನು ನಿಜ ಹೇಳಿ ಅದನ್ನು ಮಹಾಪರಾಧ ಮಾಡಿದೆ. ಮಗಳು ಮಾತಿಗೆ ತಪ್ಪುವವಳಲ್ಲ, ಅದೇ ಸಂಜೆ ಗೋಡೆ ಹತ್ತಿರ ನಿಂತಳು. ಪಕ್ಕದ ಮನೆಯವರು ಎರಡು ಭಾನುವಾರದಿಂದ ಬೇರೆ ಯಾರನ್ನೋ ಕರೆಸುತ್ತಿದ್ದಾರೆ. ನನ್ನನ್ನು ಕಂಡರೆ ಮಾತ್ರ, ಅಳಿಯನ ಮಾನಕ್ಕಾಗಿ ಸುಳ್ಳು ಹೇಳಿದ ಮಹಾತಾಯಿ ಅಂತ ಕೈ ಮುಗಿಯುತ್ತಾರೆ.

ಅಳಿಯಂದಿರು ಹಿತ್ತಲ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದಾಗ ಹೋಗಿ, ತಪ್ಪಾಯಿತು ಅಂದೆ. "ಹೋಗ್ಲಿ ಬಿಡಿ ಅತ್ತೆ," ಅಂದರು. ಮೆಟ್ಟಿಲಿಂದ ಏಳುತ್ತ, "ಪೇಸ್ಟು ನನ್ನ ಡ್ರಾಯರಿನಲ್ಲೇ ಇತ್ತು. ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ," ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಷ್ಟು ವರ್ಷ ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದವಳು, ಕೇಳಬೇಕಾದ ಒಂದು ದಿನ ಕೇಳಲಿಲ್ಲ.

ಬಾಯಲ್ಲಿ ಹೇಳಿದರೆ ನಂಬದವರು ಅಚ್ಚಾದದ್ದನ್ನು ನಂಬಿಯಾರು ಅಂತ ಹದಿನೇಳು ದಿನ ಕೂತು ಇಷ್ಟನ್ನೂ ಪೆನ್ಸಿಲ್ಲಿನಲ್ಲಿ ಬರೆದೆ. ಟೈಪ್ ಮಾಡಿಕೊಡಬೇಕಾದವಳು ಮಗಳೇ ತಾನೆ? ಕೊಟ್ಟೆ. ಅವಳು ಒಂದೇ ಉಸಿರಿಗೆ ಓದಿದಳು, ನಡುನಡುವೆ ನಕ್ಕಳು, ಒತ್ತಕ್ಷರ ತಿದ್ದಿದಳು.

"ಕಥೆ ಚೆನ್ನಾಗಿ ಕಟ್ಟಿದ್ದೀಯ ಅಮ್ಮ," ಅಂದಳು. "ಆದ್ರೆ ಅಳಿಯನ್ನ ಇಷ್ಟು ಒಳ್ಳೆಯವನನ್ನಾಗಿ ಮಾಡಬೇಡ. ಓದೋರು ನಂಬಲ್ಲ."